ಒಂದು ದಿರ್ಹಮಿನ ದುಬೈ

ದುಬೈ ಪ್ಯಾಕೇಜಿಗೆ ಹೋಗಿಬಂದವರ ಫೋಟೊಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದರೆ ಮುಖಗಳು ಮಾತ್ರ ಬೇರೆ, ಉಳಿದದ್ದೆಲ್ಲ ಒಂದೇ. ಬುರ್ಜ್ ಖಲೀಫಾದ ಬುಡದಲ್ಲಿ ಕತ್ತು ಹಿಂದಕ್ಕೆ ಬಾಗಿಸಿ ನಿಂತದ್ದು, ಮರಳುದಿಣ್ಣೆಯ ಮೇಲೆ ಜೀಪು ಕುಣಿಯುವಾಗ ಕಿರುಚಿದ್ದು, ಬಾಡಿಗೆ ಒಂಟೆಯ ಮೇಲೆ ಕೂತು ಹೆದರಿಕೆಯನ್ನು ನಗೆಯ ಹಾಗೆ ತೋರಿಸಿದ್ದು, ಸಂಜೆ ದೀಪದ ದೋಣಿಯಲ್ಲಿ ಬಫೆ ಊಟ. ನೋಡಬಾರದ್ದು ಅಂತಲ್ಲ. ಆದರೆ ಬೆಳಗಾಗುತ್ತಲೇ ಹೋಟೆಲಿನ ಬಾಗಿಲಲ್ಲಿ ಸಾಲಾಗಿ ನಿಂತು ತಲೆ ಎಣಿಸಿಕೊಳ್ಳುವ ಶಿಸ್ತು ನನಗೆ ಶಾಲೆಯ ಪ್ರವಾಸದಲ್ಲೇ ಸಾಕಾಗಿತ್ತು. ಅಕ್ಕನ ಮಗ ಅಲ್ಲಿನ ಕರಾಮಾ ಬಡಾವಣೆಯಲ್ಲಿದ್ದ. ರಾತ್ರಿ ಮಲಗಲು ಅವನ ಮನೆ, ಹಗಲು ಸುತ್ತಲು ನನ್ನ ಕಾಲು ಎಂದು ಮಾರ್ಚ್ ಕೊನೆಯಲ್ಲಿ ಹೊರಟೆ.

"ಮಾವ, ಈ ಊರಲ್ಲಿ ಯಾರೂ ನಡೆಯುವುದಿಲ್ಲ," ಎಂದು ಅವನು ಮೊದಲೇ ಹೇಳಿಬಿಟ್ಟ. "ಎಲ್ಲೆಂದರಲ್ಲಿ ರಸ್ತೆ ದಾಟಬೇಡಿ ಮತ್ತೆ. ದಂಡ 400 ದಿರ್ಹಮಿನಿಂದ ಶುರು."

ಅದನ್ನು ರೂಪಾಯಿಗೆ ತಿರುಗಿಸಿ ನೋಡಿದೆ. ಐವತ್ತು ವರ್ಷ ಬಾರದ ರಸ್ತೆ ಶಿಸ್ತು ಆ ಕ್ಷಣದಲ್ಲಿ ಬಂತು.

ಅವನ ಮಾತಿನಲ್ಲಿ ಹುರುಳಿತ್ತು. ಶೇಖ್ ಜಾಯೆದ್ ರಸ್ತೆಯ ಈ ದಡದಲ್ಲಿ ನಿಂತರೆ ಆ ದಡದ ಅಂಗಡಿಯ ಬೋರ್ಡು ಓದಬಹುದು, ಒಳಗೆ ಯಾರು ಚಹಾ ಕುಡಿಯುತ್ತಿದ್ದಾರೆಂದೂ ಕಾಣುತ್ತದೆ. ಹೋಗಿ ಮುಟ್ಟುವುದಕ್ಕೆ ಮಾತ್ರ ಮೆಟ್ರೊ ನಿಲ್ದಾಣದ ಮೇಲ್ಸೇತುವೆ ಹುಡುಕಿಕೊಂಡು ಬಿಸಿಲಲ್ಲಿ ಸಾಗಬೇಕು. ಊರಿನ ನಕ್ಷೆ ಬರೆದವರು ಕಾರಿನೊಳಗೆ ಕೂತೇ ಬರೆದಿರಬೇಕು. ನಡೆಯುವವನ ಮೇಲೆ ಇಲ್ಲಿ ಯಾರಿಗೂ ಸಿಟ್ಟಿಲ್ಲ. ಅವನು ಬರಬಹುದೆಂದು ಯಾರೂ ಎಣಿಸಿರಲಿಲ್ಲ, ಅಷ್ಟೆ.

ಬಂದವನಿಗೆ ಆಮೇಲೆ ಮಾಡಿದ ಉಪಚಾರ ಮಾತ್ರ ದೊಡ್ಡದು. ಬಸ್ ಕಾಯುವ ಗಾಜಿನ ಕೋಣೆಗೂ ಏಸಿ. ಮೆಟ್ರೊ ನಿಲ್ದಾಣದಿಂದ ದುಬೈ ಮಾಲ್‌ಗೆ ಹೋಗುವ ದಾರಿ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು. ಅಷ್ಟುದ್ದಕ್ಕೂ ಗಾಜಿನ ಗೋಡೆ, ತಣ್ಣನೆ ಗಾಳಿ, ಕಾಲ ಕೆಳಗೆ ತಾನಾಗಿ ಸರಿಯುವ ಪಟ್ಟಿ. ಮೊದಲ ದಿನವೇ ನನಗೆ ಅನ್ನಿಸಿದ್ದು, ಈ ಊರಿನಲ್ಲಿ ಹಣ ಕೊಟ್ಟು ಕೊಳ್ಳುವ ಸರಕುಗಳಲ್ಲೆಲ್ಲ ದುಬಾರಿಯದು ನೆರಳು. ಚಿನ್ನ ಆಮೇಲೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೂಲಿ ಮಾಡಿಸುವಂತಿಲ್ಲ ಎಂಬ ಕಾನೂನೇ ಇದೆ. ಎರಡೂವರೆ ಗಂಟೆಯ ನೆರಳನ್ನು ಸರ್ಕಾರ ಅಳೆದು ಕೊಡುತ್ತದೆ. ಉಳಿದ ಹೊತ್ತಿನದು ಅವರವರ ತಲೆಗೆ ಕಟ್ಟಿಕೊಂಡ ಬಟ್ಟೆಯದು.

ಮೆಟ್ರೊ ಶುರುವಾದದ್ದು 2009ರ ಸೆಪ್ಟೆಂಬರ್ 9ರಂದು, ರಾತ್ರಿ 9 ಗಂಟೆ 9 ನಿಮಿಷ 9 ಸೆಕೆಂಡಿಗೆ. ಮುಹೂರ್ತ ನೋಡುವುದರಲ್ಲಿ ನಾವೇ ಮುಂದು ಅಂದುಕೊಂಡಿದ್ದೆ. ಚಾಲಕನಿಲ್ಲದ ರೈಲು, ನೋಲ್ ಕಾರ್ಡಿಗೆ ದುಡ್ಡು ತುಂಬಿಸಿಕೊಂಡರೆ ಊರಿನ ಈ ತುದಿಯಿಂದ ಆ ತುದಿಗೆ ಏಳೂವರೆ ದಿರ್ಹಮಿನಲ್ಲಿ ಮುಟ್ಟಿಸುತ್ತದೆ. ದುಪ್ಪಟ್ಟು ಕೊಟ್ಟವರಿಗೆ ಗೋಲ್ಡ್ ಡಬ್ಬಿ, ಹೆಂಗಸರು ಮಕ್ಕಳಿಗೆ ಇನ್ನೊಂದು. ಚೂಯಿಂಗ್ ಗಮ್ ಜಗಿದರೂ 100 ದಿರ್ಹಂ ದಂಡ. ರೆಡ್ ಲೈನ್ ಬಹುಪಾಲು ಕಂಬಗಳ ಮೇಲೆಯೇ ಓಡುವುದರಿಂದ ದಾರಿಯುದ್ದಕ್ಕೂ ಗೋಪುರಗಳ ಸಾಲು ಪುಕ್ಕಟೆ ಕಾಣುತ್ತದೆ. ಟೂರಿನ ಬಸ್ಸಿನವರು ಇದೇ ನೋಟಕ್ಕೆ ಎಷ್ಟು ವಸೂಲು ಮಾಡುತ್ತಾರೋ!

ಆ ಸಾಲಿನಲ್ಲಿ ನನಗೆ ಹಿಡಿಸಿದ್ದು ಹಳೆಯ ವರ್ಲ್ಡ್ ಟ್ರೇಡ್ ಸೆಂಟರ್. 1979ರಲ್ಲಿ ತೆರೆದಾಗ ಅದರ 39 ಅಂತಸ್ತಿನ ಮುಂದೆ ನಿಲ್ಲುವ ಕಟ್ಟಡ ಸುತ್ತ ಎಲ್ಲೂ ಇರಲಿಲ್ಲ. ಆಚೀಚೆ ಬರೀ ಮರಳು. ಈಗ ಎತ್ತರದವರ ನಡುವೆ ಸಿಕ್ಕಿಕೊಂಡು, ಪಾಠ ಕೇಳುವವರಿಲ್ಲದ ಹಳೆಯ ಮೇಷ್ಟರ ಹಾಗೆ ನಿಂತಿದೆ. ಆದರೂ 100 ದಿರ್ಹಮಿನ ಕಾಗದದ ನೋಟಿನ ಮೇಲೆ ಅದರ ಚಿತ್ರವಿದೆ. ಗೌರವ ಅಷ್ಟಾದರೂ ಉಳಿಯಿತು.

ಬುರ್ಜ್ ಖಲೀಫಾದ ಬಗ್ಗೆ ಬರೆಯದಿದ್ದರೆ ಹೋಗಿಯೇ ಇಲ್ಲ ಅನ್ನುತ್ತಾರೆ. 828 ಮೀಟರ್. 2010ರ ಜನವರಿ 4ರಂದು ಉದ್ಘಾಟನೆ. ಅಲ್ಲಿಯವರೆಗೆ ಬುರ್ಜ್ ದುಬೈ ಎಂದಿದ್ದದ್ದು ಅದೇ ದಿನ, ಸಾಲದ ಸಂಕಟದಲ್ಲಿ ಕೈಹಿಡಿದ ಅಬುಧಾಬಿಯ ದೊರೆಯ ಹೆಸರನ್ನು ಹೊತ್ತುಕೊಂಡಿತು. ನಾನು ಮೇಲೆ ಹತ್ತಲಿಲ್ಲ. ಹತ್ತಿದರೆ ಆ ಊರಿನಲ್ಲಿ ನೋಡಬೇಕಾದ ಮುಖ್ಯ ಕಟ್ಟಡವೊಂದೇ ಕಾಣಿಸುವುದಿಲ್ಲವಲ್ಲ! ಕೆಳಗೆ ಕೊಳದ ಕಟ್ಟೆಯ ಹತ್ತಿರ ಕಾರಂಜಿಯ ಕುಣಿತಕ್ಕೆ ಕಾಯುತ್ತಿದ್ದಾಗ ಅಕ್ಕನ ಮಗ ಹೇಳಿದ ಸಂಗತಿಯೊಂದು ಎತ್ತರದ ಲೆಕ್ಕಕ್ಕಿಂತ ಚೆನ್ನಾಗಿತ್ತು. ಮೇಲಿನವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ಆದ್ದರಿಂದ ರಂಜಾನ್ ಉಪವಾಸ ಬಿಡಲು 80ನೇ ಅಂತಸ್ತಿನ ಮೇಲಿನವರು ಎರಡು ನಿಮಿಷ, 150ರ ಮೇಲಿನವರು ಮೂರು ನಿಮಿಷ ಹೆಚ್ಚು ಕಾಯಬೇಕೆಂದು ಅಲ್ಲಿನ ಧರ್ಮಪಂಡಿತರು 2011ರಲ್ಲಿ ತೀರ್ಪು ಕೊಟ್ಟರಂತೆ. ಕೋಟಿ ಕೊಟ್ಟು ಮೇಲೆ ಮನೆ ಮಾಡಿದವನು ಹಸಿದು ಕೂತಿರುವಾಗ ಕೆಳಗೆ ಕಾವಲಿನವನ ಬಾಯಿಗೆ ಖರ್ಜೂರ ಬಿದ್ದಿರುತ್ತದೆ.

ನನ್ನ ದುಬೈ ಇದ್ದದ್ದು ಮಾತ್ರ ಕ್ರೀಕ್‌ನ ಆಚೀಚೆ. ಸಮುದ್ರ ಊರಿನೊಳಗೆ ನುಗ್ಗಿ ಮಾಡಿದ ಈ ಉಪ್ಪುನೀರಿನ ಹಿನ್ನೀರನ್ನು ದಾಟಿಸಲು ಅಬ್ರಾ ಎಂಬ ಮರದ ದೋಣಿಗಳಿವೆ. ಬರ್ ದುಬೈಯಿಂದ ದೇರಾಕ್ಕೆ ಒಂದು ದಿರ್ಹಂ. ಬೆನ್ನಿಗೆ ಬೆನ್ನು ಕೊಟ್ಟು ಇಪ್ಪತ್ತು ಜನ ಕೂತರೆ ದೋಣಿ ತುಂಬಿತು. ಟಿಕೆಟ್ಟಿಲ್ಲ, ದೋಣಿಯವನ ಕೈಗೇ ನಾಣ್ಯ. ಗಂಗೊಳ್ಳಿಯ ಕಡವಿನಲ್ಲಿ ಬೆಳೆದವನಿಗೆ ಇಂಥ ಕಡೆ ಯಾರೂ ದಾರಿ ಹೇಳಿಕೊಡಬೇಕಿಲ್ಲ. ನೀರಿನ ಮೇಲೆ ಗಾಳಿ ಪುಕ್ಕಟೆ. ಏಸಿ ಇಲ್ಲದೆ ತಣ್ಣಗಾದ ಜಾಗ ಇಡೀ ಊರಿನಲ್ಲಿ ನನಗೆ ಸಿಕ್ಕಿದ್ದು ಇದೊಂದೇ. ಕೆಲಸವಿಲ್ಲದಿದ್ದರೂ ಅತ್ತ ಹೋದೆ, ಇತ್ತ ಬಂದೆ, ಮತ್ತೆ ಅತ್ತ ಹೋದೆ.

ಇವತ್ತಿನ ದುಬೈ ಎಣ್ಣೆಯಿಂದ ಹುಟ್ಟಿತು ಅನ್ನುವವರು ಈ ನೀರನ್ನು ನೋಡಿಲ್ಲ. ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದಕ್ಕೂ ಮೊದಲೇ ಆಗಿನ ದೊರೆ ಶೇಖ್ ರಶೀದ್ ಸಾಲ ತಂದು ಹೂಳು ತೆಗೆಸಿ ದೊಡ್ಡ ಹಡಗುಗಳಿಗೆ ದಾರಿ ಬಿಡಿಸಿಕೊಟ್ಟಿದ್ದರು. ಆಗ ಇಲ್ಲಿ ಓಡುತ್ತಿದ್ದದ್ದು ನಮ್ಮದೇ ರೂಪಾಯಿ. ಚಿನ್ನ ಕಳ್ಳದಾರಿಯಲ್ಲಿ ಮುಂಬೈಗೆ, ರೂಪಾಯಿ ಇತ್ತ. ಅದನ್ನು ತಡೆಯಲೆಂದು ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿಗೇ ಬೇರೆ ನೋಟು ಅಚ್ಚು ಹಾಕಿಸಿತು. 1966ರಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದಾಗ ಇವರು ಅದರ ಕೈಬಿಟ್ಟರು. ದಿರ್ಹಂ ಬಂದದ್ದು ಆಮೇಲೆ.

ಬರ್ ದುಬೈ ದಡದ ಅಲ್ ಫಹಿದಿ ಕೇರಿ ಇರಾನಿನ ಬಸ್ತಕ್‌ನಿಂದ ಬಂದ ವರ್ತಕರು ಕಟ್ಟಿದ್ದು. ಹವಳದ ಕಲ್ಲಿನ ಗೋಡೆಗಳು, ಇಬ್ಬರು ಎದುರಾದರೆ ಒಬ್ಬರು ಸರಿಯಬೇಕಾದ ಓಣಿಗಳು. ಇಕ್ಕಟ್ಟು ಬೇಕೆಂದೇ ಮಾಡಿದ್ದು: ಒಂದು ಮನೆಯ ನೆರಳು ಇನ್ನೊಂದರ ಗೋಡೆಗೆ ಬೀಳಲಿ ಎಂದು. ಮನೆಗಳ ಮೇಲೆ ನಾಲ್ಕೂ ಕಡೆ ಬಾಯಿ ತೆರೆದ ಗಾಳಿಗೋಪುರಗಳು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಆ ಕಡೆಯ ಬಾಯಿ ಅದನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ, ಒಳಗಿನ ಬಿಸಿ ಇನ್ನೊಂದು ಬಾಯಿಂದ ಮೇಲೇರಿ ಹೋಗುತ್ತದೆ. ಒದ್ದೆ ಬಟ್ಟೆ ಇಳಿಬಿಟ್ಟರೆ ಇನ್ನೂ ತಂಪು. ಒಂದರ ಕೆಳಗೆ ಹೋಗಿ ನಿಂತೆ. ಸೆಕೆ ಪೂರ್ತಿ ಹೋಗಲಿಲ್ಲ ನಿಜ. ಆದರೆ ಅಂಗಿಯ ಕಾಲರ್ ಅಲುಗಿತು. ಕರೆಂಟಿನ ಬಿಲ್ಲಿಲ್ಲದೆ.

ದಾರಿ ಕೇಳುವುದಕ್ಕೆ ಅರಬ್ಬಿ ಬೇಕಾಗಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಕಡಕ್ ಚಹಾ ಮಾಡುವವರು ಮಲಯಾಳಿ, ಟ್ಯಾಕ್ಸಿಯವರು ಪೇಶಾವರದವರು, ಬಟ್ಟೆ ಅಂಗಡಿಯಲ್ಲಿ ಕೂತ ಹಿರಿಯರು ಭಟ್ಕಳದವರು. "ಕುಂದಾಪುರ ಅಂದ್ರೆ ನಮ್ಮ ಪಕ್ಕದ್ದೇ ಆಯ್ತಲ್ಲ, ಕೂತ್ಕೊಳ್ಳಿ," ಎಂದು ಸ್ಟೂಲು ಎಳೆದರು. ಮೆಟ್ರೊದಲ್ಲಿ ನಾನು ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡ ಯುವಕನೊಬ್ಬ ಹಿಂದಿನಿಂದ ತುಳುವಿನಲ್ಲಿ "ಇರೆನ ಊರು ಓಲು?" ಅಂದ. ದೇರಾದ ಚಿನ್ನದ ಪೇಟೆಯಲ್ಲಿ ಮಾತ್ರ ಯಾರಿಗೂ ನನ್ನ ಊರು ಬೇಕಾಗಲಿಲ್ಲ. ಗಾಜಿನ ಹಿಂದೆ 64 ಕಿಲೋ ತೂಗುವ ಉಂಗುರವೊಂದಿದೆ; ಅದರ ಮುಂದೆ ನಿಂತವನ ಕಿವಿಯಲ್ಲಿ ಯಾರೋ "ಕಾಪಿ ವಾಚ್, ಕಾಪಿ ಬ್ಯಾಗ್" ಎಂದು ಪಿಸುಗುಟ್ಟಿ ಹೋದರು. ನನ್ನ ಚಪ್ಪಲಿ ನೋಡಿದವರು ಕೇಸರಿಯ ಚಿಕ್ಕ ಡಬ್ಬಿ ತೋರಿಸಿದರು.

ದೇರಾ ದಡದಲ್ಲಿ ಧೋ ಹಡಗುಗಳು ಒತ್ತಿಕೊಂಡು ನಿಲ್ಲುತ್ತವೆ. ಟೈರು, ಫ್ರಿಜ್ಜು, ಹಾಸಿಗೆ, ಅಕ್ಕಿಮೂಟೆ ಎಲ್ಲ ಕಟ್ಟೆಯ ಮೇಲೆ ಬಯಲಿಗೇ. ಒಂದರ ಮೇಲೆ ಕಚ್ಛ್ ಕಡೆಯ ಖಲಾಸಿಯೊಬ್ಬ ವಾಷಿಂಗ್ ಮೆಷೀನುಗಳನ್ನು ಎಣಿಸುತ್ತಿದ್ದ. ನನ್ನ ಹರಕು ಹಿಂದಿಯಲ್ಲಿ ಎಲ್ಲಿಗೆ ಎಂದು ಕೇಳಿದೆ. ಸೊಮಾಲಿಯಾ ಕಡೆಗೆ, ಬರ್ಬೆರಾ ಬಂದರಿಗೆ ಅಂದ. ಬುರ್ಜ್ ಖಲೀಫಾ ನೋಡಿದ್ದೀಯಾ ಎಂದದ್ದಕ್ಕೆ ತಲೆ ಎತ್ತಲೂ ಇಲ್ಲ.

"ಹತ್ತಿರದಿಂದ ನೋಡಿಲ್ಲ ಸಾಹೇಬ್. ವಾಪಸು ಬರುವಾಗ ಕಡಲಲ್ಲೇ ಅದರ ದೀಪ ಕಾಣಿಸುತ್ತದೆ. ಕಂಡ ಮೇಲೆ ಇನ್ನು ಐದಾರು ಗಂಟೆ ಅಂತ ಲೆಕ್ಕ ಹಾಕಿ ಅನ್ನಕ್ಕೆ ಇಡುತ್ತೇವೆ."

ಆಮೇಲೆ ಎಣಿಕೆ ತಪ್ಪಿತೆಂದು ಗೊಣಗಿ ಮತ್ತೆ ಒಂದರಿಂದ ಶುರುಮಾಡಿದ.