ಹಬ್ಬಕ್ಕೊಂದು ಹಳೆಯ ಚಿತ್ರ

ಶಿವರಾತ್ರಿಯ ಜಾಗರಣೆಗೆ ‘ಬೇಡರ ಕಣ್ಣಪ್ಪ’ನಿಲ್ಲದಿದ್ದರೆ ನಮ್ಮಲ್ಲಿ ಅನೇಕರಿಗೆ ಹಬ್ಬ ಪೂರ್ತಿಯಾದಂತೆಯೇ ತೋರುವುದಿಲ್ಲ. 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ, ರಾಜಕುಮಾರರನ್ನು ನಾಯಕರಾಗಿ ನಾಡಿನ ಮುಂದೆ ನಿಲ್ಲಿಸಿದ ಆ ಚಿತ್ರವನ್ನು ಅಜ್ಜಿಯೂ ನೋಡಿದ್ದಾಳೆ, ಮೊಮ್ಮಗಳೂ ನೋಡಿದ್ದಾಳೆ. ಅದರ ಯೋಗ್ಯತೆ ದೊಡ್ಡದೇ, ಸಂದೇಹವಿಲ್ಲ. ಆದರೆ ಅದರ ದೀರ್ಘಾಯುಸ್ಸಿಗೆ ಇನ್ನೊಂದು ಕಾರಣವೂ ಉಂಟು: ಪಂಚಾಂಗದಲ್ಲಿ ಅದಕ್ಕೊಂದು ತಿಥಿಯಿದೆ. ಮಾಘ ಬಹುಳ ಚತುರ್ದಶಿ ಬಂದೊಡನೆ, ಯಾರೂ ಕರೆಯದೆಯೇ ಅದು ಮನೆಯೊಳಕ್ಕೆ ಬರುತ್ತದೆ. ತಿಥಿಯಿಲ್ಲದ ಒಳ್ಳೆಯ ಚಿತ್ರಗಳ ಪಾಡೇನು? ಅವುಗಳನ್ನು ಯಾರೂ ದೂಷಿಸುವುದಿಲ್ಲ, ಸುಮ್ಮನೆ ಮರೆಯುತ್ತಾರೆ.

ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ಪಂಪ ರನ್ನರನ್ನು ಪಠ್ಯಕ್ರಮವು ಕಾಪಾಡಿಕೊಂಡು ಬಂದಿದೆ. ಹಳೆಯ ಚಿತ್ರಗಳಿಗೆ ಅಂಥ ಆಸರೆಯಿಲ್ಲ. ಆದುದರಿಂದ ರಾಜರಾಜೇಶ್ವರಿನಗರದ ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಒಂದು ಪದ್ಧತಿ ಬೆಳೆದಿದೆ. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ಗೋಡೆಯನ್ನೇರಿದ ದಿನ, ಹಬ್ಬ ಜಯಂತಿಗಳ ಚೌಕಗಳಲ್ಲಿ ಒಂದೊಂದು ಚಿತ್ರದ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುವುದು. ಪೆನ್ಸಿಲೇ ಏಕೆಂದರೆ, ಆಕ್ಷೇಪಣೆಗೆ ಎಡೆಯಿರಬೇಕಲ್ಲವೆ? ತಾಯಿ, ಪತ್ನಿ, ಹತ್ತು ವರ್ಷದ ಮಗಳು — ಮನೆಯಲ್ಲಿರುವ ವಿಮರ್ಶಕರು ಮೂವರು.

ಕೆಲವು ಜೋಡಿಗಳು ತಾವಾಗಿಯೇ ಕೂಡಿಬಂದವು. ಪುಷ್ಯ ಬಹುಳ ಅಮಾವಾಸ್ಯೆ ಪುರಂದರದಾಸರ ಪುಣ್ಯದಿನ. ಅಂದು ‘ನವಕೋಟಿ ನಾರಾಯಣ’ (1964). ವೈಶಾಖ ಶುದ್ಧ ತದಿಗೆ ಬಸವ ಜಯಂತಿ. ಅಂದು ‘ಜಗಜ್ಯೋತಿ ಬಸವೇಶ್ವರ’ (1959). ಅದರಲ್ಲಿ ಬಸವಣ್ಣನವರಾಗಿ ಹೊನ್ನಪ್ಪ ಭಾಗವತರು ನಟಿಸಿದ್ದಾರೆ, ರಾಜಕುಮಾರರು ಬಿಜ್ಜಳ. ‘ರಾಜಕುಮಾರ್ ಇದ್ದೂ ಬಸವಣ್ಣ ಬೇರೆಯವರಾ?’ ಎಂದು ಮಗಳಿಗೆ ಪರಮಾಶ್ಚರ್ಯ. ನವರಾತ್ರಿಯಲ್ಲಿ ನಮ್ಮ ಬಡಾವಣೆಯ ಕಮಾನಿನ ಮುಂದೆ ಮೈಸೂರಿಗೆ ಹೊರಟ ವಾಹನಗಳು ಸಾಲುಗಟ್ಟುತ್ತವೆ. ಆ ಸಾಲಿಗೆ ಸೇರದ ನಾವು ಮನೆಯಲ್ಲಿಯೇ ಕುಳಿತು ‘ರಣಧೀರ ಕಂಠೀರವ’ (1960) ನೋಡುತ್ತೇವೆ. ಕಲಾವಿದರೇ ಸಂಘ ಕಟ್ಟಿಕೊಂಡು ತೆಗೆದ ಚಿತ್ರವದು.

ದೇವರ ಹೆಸರಿಲ್ಲದ ದಿನಗಳನ್ನೂ ನಾವು ಬಿಟ್ಟಿಲ್ಲ. ಸೆಪ್ಟೆಂಬರ್ 5, ಶಿಕ್ಷಕರ ದಿನ: ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958). ಹೆತ್ತ ಮಕ್ಕಳು ಕಡೆಗಣಿಸಿದ ಮೇಷ್ಟ್ರಿಗೆ ಹಳೆಯ ಶಿಷ್ಯ ಆಸರೆಯಾಗುವ ಆ ಕಥೆಯನ್ನು ನೋಡುವಾಗ, ಮಗ್ಗುಲಲ್ಲಿ ಕುಳಿತ ತಾಯಿಯ ಮುಖವನ್ನು ನೋಡಲು ನನಗೆ ಏಕೋ ಸಂಕೋಚವಾಯಿತು. ಸೆಪ್ಟೆಂಬರಿನ ಕೊನೆಯ ಭಾನುವಾರ ವಿಶ್ವ ಕಿವುಡರ ದಿನ: ಎನ್. ಲಕ್ಷ್ಮೀನಾರಾಯಣ ಅವರ ‘ನಾಂದಿ’ (1964). ಅಕ್ಟೋಬರ್ 9 ವಿಶ್ವ ಅಂಚೆ ದಿನ: ತೇಜಸ್ವಿಯವರ ಕಥೆಯಿಂದ ಅದೇ ನಿರ್ದೇಶಕರು ತೆಗೆದ ‘ಅಬಚೂರಿನ ಪೋಸ್ಟಾಫೀಸು’ (1973).

ಹೀಗೆ ಜೋಡಿಸುತ್ತ ಹೋದಂತೆ ಒಂದು ಮಾತು ಹೊಳೆಯಿತು. ಹೆಸರಿಗೆ ಹೆಸರು ಹೊಂದಿಸುವುದು ಸುಲಭ. ಗೌರಿಹಬ್ಬಕ್ಕೆ ‘ಸ್ವರ್ಣಗೌರಿ’ (1962) ಎಂದು ಯಾರಾದರೂ ಹೇಳಿಯಾರು. ಆದರೆ ಪ್ರತಿಯೊಂದು ಹಬ್ಬದ ಒಡಲಿನಲ್ಲಿಯೂ ಒಂದು ಪ್ರಶ್ನೆಯಿರುತ್ತದೆ. ಆ ಪ್ರಶ್ನೆಯನ್ನು ಕೇಳುವ ಚಿತ್ರವೇ ಆ ದಿನಕ್ಕೆ ನಿಜವಾಗಿ ಸಲ್ಲುವ ಚಿತ್ರ.

ಭಾದ್ರಪದ ಮಾಸವನ್ನೇ ನೋಡಿ. ಶುಕ್ಲಪಕ್ಷದ ತದಿಗೆಯಂದು ಮಗಳು ಗೌರಿಯನ್ನು ತವರಿಗೆ ಬರಮಾಡಿಕೊಂಡು ಬಾಗಿನ ಕೊಡುತ್ತೇವೆ. ಅದೇ ಮಾಸದ ಕೃಷ್ಣಪಕ್ಷ ಪಿತೃಪಕ್ಷ; ಕೊನೆಯ ದಿನ ಮಹಾಲಯ ಅಮಾವಾಸ್ಯೆ, ಸತ್ತವರನ್ನೆಲ್ಲ ನೆನೆಯುವ ದಿನ. ಮಗಳನ್ನು ಕರೆಯುವ ಪಕ್ಷ ಒಂದು, ಮಡಿದವರನ್ನು ಕರೆಯುವ ಪಕ್ಷ ಇನ್ನೊಂದು. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿದರೆ ಆ ಮಗಳು ಯಾವ ಪಕ್ಷಕ್ಕೆ ಸೇರಿದವಳು? ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ತಮ್ಮ ಮೊದಲ ಚಿತ್ರ ‘ಘಟಶ್ರಾದ್ಧ’ ಕೇಳುವುದು ಇದನ್ನೇ. ಉಡುಪರ ವೇದಪಾಠಶಾಲೆ, ಅವರ ವಿಧವೆ ಮಗಳು ಯಮುನಕ್ಕ, ಅವಳನ್ನು ಅಕ್ಕರೆಯಿಂದ ಹಚ್ಚಿಕೊಂಡ ಪುಟ್ಟ ವಿದ್ಯಾರ್ಥಿ ನಾಣಿ. ಗರ್ಭಿಣಿಯಾದವಳನ್ನು ಊರು ಬಿಡುತ್ತದೆ, ಪ್ರಿಯಕರ ಬಿಡುತ್ತಾನೆ, ಕಡೆಗೆ ತಂದೆಯೂ ಘಟಶ್ರಾದ್ಧ ಮಾಡಿ ಕೈತೊಳೆದುಕೊಳ್ಳುತ್ತಾನೆ.

ಮಹಾಲಯದ ಹಿಂದಿನ ದಿನದ ಚೌಕದಲ್ಲಿ ಈ ಹೆಸರನ್ನು ಕಂಡು ತಾಯಿ ಕೆರಳಿದರು. ‘ಪಕ್ಷದಲ್ಲಿ ಇಂಥಾದ್ದು ನೋಡ್ತಾರೇನೋ? ಅಳಿಸು.’ ನಾನು ಅಳಿಸಲಿಲ್ಲ, ವಾದವನ್ನೂ ಮಾಡಲಿಲ್ಲ. ಆ ರಾತ್ರಿ ಮಗಳು ಮಲಗಿದ ಮೇಲೆ ನಾನೂ ಪತ್ನಿಯೂ ನೋಡುತ್ತ ಕುಳಿತೆವು. ಸ್ವಲ್ಪ ಹೊತ್ತಿಗೆ ತಾಯಿ ಬಂದು ಬಾಗಿಲ ಬಳಿ ನಿಂತರು, ಆಮೇಲೆ ಕುಳಿತರು. ತಲೆ ಬೋಳಿಸಿಕೊಂಡ ಯಮುನಕ್ಕ ಮರದಡಿಯಲ್ಲಿ ಒಂಟಿಯಾಗಿ ಉಳಿದಾಗ, ಊರಿಗೆ ಹೊರಟ ನಾಣಿ ಅವಳತ್ತ ತಿರುಗಿ ನೋಡಿದಾಗ, ಯಾರೂ ಮಾತನಾಡಲಿಲ್ಲ.

ದೀಪ ಹಾಕಲು ಎದ್ದೆ. ‘ಇರಲಿ ಬಿಡು’ ಎಂದರು ತಾಯಿ. ಕತ್ತಲಲ್ಲಿಯೇ ಹೇಳಿದರು: ‘ನಿಮ್ಮಪ್ಪನಿಗೆ ಒಬ್ಬ ಸೋದರತ್ತೆ ಇದ್ದರಂತೆ ಕಣೋ. ಹದಿನಾರಕ್ಕೇ ಗಂಡ ಹೋದ. ಆಮೇಲೆ ಏನೋ ಆಯ್ತು. ಮನೆಯಿಂದ ಹೊರಗೆ ಹಾಕಿದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ಒಂದೇ ಒಂದು ಸಲ ಅವರ ಹೆಸರು ಹೇಳಿದ್ದರು. ಮತ್ತೆ ಯಾರೂ ಎತ್ತಲಿಲ್ಲ.’

ಮೂವತ್ತೇಳು ವರ್ಷ ಬದುಕಿದ ನನಗೆ, ಹೀಗೊಬ್ಬರು ನಮ್ಮ ವಂಶದಲ್ಲಿದ್ದರೆಂಬುದು ಅಂದೇ ತಿಳಿದದ್ದು.

ಮರುದಿನ ಬೆಳಗ್ಗೆ ತರ್ಪಣ. ತಂದೆ, ತಾತ, ಮುತ್ತಾತಂದಿರ ಹೆಸರುಗಳು ಮುಗಿದ ಮೇಲೆ ಪುರೋಹಿತರು ವಾಡಿಕೆಯಂತೆ, ‘ಇನ್ನು ಯಾರಾದರೂ ಉಂಟೋ?’ ಎಂದರು. ಅಡುಗೆಮನೆಯ ಬಾಗಿಲಿನಿಂದ ತಾಯಿ ಒಂದು ಹೆಸರು ಹೇಳಿದರು. ‘ಏನಾಗಬೇಕು?’ ಎಂದು ಪುರೋಹಿತರು ಕೇಳಿದರು. ‘ಮನೆಯ ಮಗಳು’ ಎಂದರು ತಾಯಿ. ನಾನು ಎಳ್ಳುನೀರು ಬಿಟ್ಟೆ. ಈಗ ಪ್ರತಿವರ್ಷವೂ ಆ ಹೆಸರಿಗೆ ಎಳ್ಳುನೀರು ಸಲ್ಲುತ್ತಿದೆ.

ಹಬ್ಬಕ್ಕೊಂದು ಚಿತ್ರವೆಂಬುದು ಹೊತ್ತು ಕಳೆಯುವ ಆಟವೆಂದು ನಗುವ ಮಿತ್ರರಿದ್ದಾರೆ. ನಗಲಿ. ನೆನಪಿಗೆ ಒಂದು ದಿನ ಗೊತ್ತುಪಡಿಸದಿದ್ದರೆ ನೆನಪು ಉಳಿಯುವುದಿಲ್ಲವೆಂದು ನಮ್ಮ ಹಿರಿಯರು ಬಲ್ಲರು. ತಿಥಿಗಳೆಲ್ಲ ಹುಟ್ಟಿದ್ದು ಇದಕ್ಕಾಗಿಯೇ. ಮನುಷ್ಯರಿಗೆ ಸಲ್ಲುವ ಈ ಮಾತು ಚಿತ್ರಗಳಿಗೂ ಸಲ್ಲುತ್ತದೆ. ‘ಘಟಶ್ರಾದ್ಧ’ದ ಅದೃಷ್ಟ ದೊಡ್ಡದು, ಅದರ ಜೀರ್ಣೋದ್ಧಾರವಾಗಿ, 2024ರಲ್ಲಿ ಹೊಸ ಪ್ರತಿಯು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಎಲ್ಲ ಚಿತ್ರಗಳಿಗೂ ಆ ಭಾಗ್ಯವೆಲ್ಲಿ?

ನಮ್ಮ ಕ್ಯಾಲೆಂಡರಿನಲ್ಲಿ ಮಾರ್ಚ್ 3ರ ಚೌಕದಲ್ಲಿಯೂ ಒಂದು ಹೆಸರಿದೆ: ‘ಸತಿ ಸುಲೋಚನ’. ಕನ್ನಡದ ಮೊದಲ ವಾಕ್ಚಿತ್ರ. ಕೊಲ್ಹಾಪುರದಲ್ಲಿ ತಯಾರಾಗಿ 1934ರ ಅದೇ ದಿನ ಬೆಂಗಳೂರಿನಲ್ಲಿ ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ನಾಗೇಂದ್ರರಾಯರು ರಾವಣ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಅಂದು ರಾತ್ರಿ ನಮ್ಮ ಮನೆಯಲ್ಲಿ ಟಿ.ವಿ. ಹಾಕುವುದಿಲ್ಲ. ಊಟವಾದ ಮೇಲೆ, ಇಂದ್ರಜಿತುವಿನ ಮಡದಿಯ ಕಥೆಯನ್ನು ತಾಯಿ ಮೊಮ್ಮಗಳಿಗೆ ಬಾಯಲ್ಲಿ ಹೇಳುತ್ತಾರೆ.