ಹಿಕ್ಕೆಯೊಳಗಿನ ಊಟದ ಲೆಕ್ಕ

ದಾಸೋಹದ ಪಂಕ್ತಿಯಲ್ಲಿ ಕುಳಿತವನು ಏನನ್ನು ಉಂಡನೆಂಬುದನ್ನು ಎಲೆ ನೋಡಿ ಹೇಳಬಹುದು. ಕಡಲೊಳಗೆ ಮುಳುಗಿ ಉಣ್ಣುವ ಹಕ್ಕಿಯ ಎಲೆಯನ್ನು ಕಂಡವರಾರು? ಜೀವಶಾಸ್ತ್ರದ ಪಾಠ ಹೇಳುತ್ತ ಬಂದ ನನಗೆ ಇದು ಬಹುಕಾಲದ ಕುತೂಹಲ. ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದುದು ಆಸ್ಟ್ರೇಲಿಯದ ಕಿರು ಪೆಂಗ್ವಿನ್ನಿಗೆ ಸಂಬಂಧಿಸಿದ್ದು.

ಪೆಂಗ್ವಿನ್ ಎಂದೊಡನೆ ಹಿಮದ ನಾಡು ನೆನಪಾಗುವುದು ಸಹಜ. ಈ ಕಿರಿಯ ಬಂಧುವಿಗೆ ಹಿಮದ ಹಂಗಿಲ್ಲ. ಒಂದಡಿಗಿಂತ ತುಸು ಹೆಚ್ಚು ಎತ್ತರ, ಸುಮಾರು 1 ಕಿಲೋಗ್ರಾಂ ತೂಕ, ಬೆನ್ನಿಗೆ ನೀಲಿಯ ಛಾಯೆ. ಮೆಲ್ಬರ್ನ್ ನಗರದಿಂದ ಅನತಿದೂರದ ಫಿಲಿಪ್ ದ್ವೀಪದಲ್ಲಿ ಇವು ಹಗಲೆಲ್ಲ ಕಡಲಲ್ಲಿ ದುಡಿದು, ಕತ್ತಲಾದ ಮೇಲೆ ಗುಂಪುಗೂಡಿ ದಡವೇರಿ, ಮರಿಗಳಿರುವ ಬಿಲಗಳತ್ತ ನಡೆಯುತ್ತವೆ.

ಇವುಗಳ ಆಹಾರವನ್ನರಿಯಲು ಹಿಂದೆ ಅನುಸರಿಸುತ್ತಿದ್ದ ಉಪಾಯವೆಂದರೆ, ದಡಕ್ಕೆ ಬಂದ ಹಕ್ಕಿಯನ್ನು ಹಿಡಿದು, ಜಠರಕ್ಕೆ ನೀರು ತುಂಬಿ, ಕಕ್ಕಿಸುವುದು. ಮರಿಗೆಂದು ತಂದ ತುತ್ತು ಬೋಗುಣಿಯ ಪಾಲಾಗುತ್ತಿತ್ತು. ಆ ಕಾಲಕ್ಕೆ ಅದು ಅನಿವಾರ್ಯವಾಗಿತ್ತೆಂದು ಒಪ್ಪೋಣ. ಆದರೂ ಮನಸ್ಸು ಹಿಂಜರಿಯುತ್ತದೆ. ಅದೂ ಅಲ್ಲದೆ, ಬೇಗನೆ ಕರಗಿಹೋಗುವ ಮೆತ್ತನೆಯ ಒಡಲಿನ ಜೀವಿಗಳು ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಲೆಕ್ಕ ಏಕೆ ಬೇಕೆಂದು ಕೇಳುವವರುಂಟು. 1995ರಲ್ಲಿ ಆಸ್ಟ್ರೇಲಿಯದ ದಕ್ಷಿಣ ಕರಾವಳಿಯುದ್ದಕ್ಕೂ ಪಿಲ್ಚರ್ಡ್ ಮೀನುಗಳು ಹಿಂಡುಹಿಂಡಾಗಿ ಸತ್ತವು. ಕಾರಣ ಒಂದು ವೈರಾಣು. ಅದರ ಬೆನ್ನಿಗೇ ವಿಕ್ಟೋರಿಯ ರಾಜ್ಯದ ತೀರದಲ್ಲಿ ಕಿರು ಪೆಂಗ್ವಿನ್‌ಗಳ ಸಾವು ಹೆಚ್ಚಿತು, ಮೊಟ್ಟೆಯಿಡುವುದು ತಡವಾಯಿತು, ಬದುಕುಳಿದ ಮರಿಗಳು ಕಡಮೆಯಾದವು. ಯಾವ ಮೀನು ಅಳಿದರೆ ಯಾವ ಬಿಲ ಬರಿದಾಗುವುದೆಂದು ಮೊದಲೇ ತಿಳಿದಿರಬೇಡವೆ?

ಈಗ ಸಂಶೋಧಕರು ಬಿಲದ ಬಳಿ ಬಿದ್ದ ಹಿಕ್ಕೆಯನ್ನು ಚಮಚದಷ್ಟು ಎತ್ತಿಕೊಳ್ಳುತ್ತಾರೆ. (ಮೂಗು ಮುರಿಯುವ ವಿದ್ಯಾರ್ಥಿಗೆ ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಈ ಮಠದ ಶಾಲೆಯಲ್ಲಿ ಬೇರೆ ಹೇಳಬೇಕಿಲ್ಲ.) ಜೀರ್ಣವಾದ ಬಳಿಕವೂ ನುಂಗಿದ ಜೀವಿಯ ಡಿಎನ್‌ಎ ಚೂರುಚೂರಾಗಿ ಅದರಲ್ಲಿ ಉಳಿದಿರುತ್ತದೆ. ಜೀವಕೋಶದಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎಗೆ ನೂರಾರು ಪ್ರತಿಗಳಿರುವುದರಿಂದ ಅದು ದೊರೆಯುವ ಸಂಭವ ಹೆಚ್ಚು. ಅದರ ಒಂದು ಗಿಡ್ಡ ತುಣುಕನ್ನು ಪ್ರಯೋಗಾಲಯದಲ್ಲಿ ಕೋಟಿಗಟ್ಟಲೆ ವೃದ್ಧಿಸಿ, ಅಕ್ಷರಕ್ಷರವಾಗಿ ಓದಿ, ತಿಳಿದಿರುವ ಜೀವಿಗಳ ಪಟ್ಟಿಯೊಡನೆ ಹೋಲಿಸುತ್ತಾರೆ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸಿದಂತೆ ಆಂಚೋವಿ, ಪಿಲ್ಚರ್ಡ್ ಮೊದಲಾದ ಮೀನುಗಳ ಹೆಸರು ಹೊರಬೀಳುತ್ತದೆ.

ನನಗೆ ಹೆಚ್ಚು ಹಿಡಿಸಿದುದು ವಿಧಾನಕ್ಕಿಂತ ಸಂಶೋಧಕರ ಪ್ರಾಮಾಣಿಕತೆ. ಒಳಹೋದುದೇ ಹೊರಬರುವುದೆ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಸಾಕಿದ ಪೆಂಗ್ವಿನ್‌ಗಳಿಗೆ ಗೊತ್ತಾದ ಪ್ರಮಾಣದಲ್ಲಿ ಮೀನುಣಿಸಿ ಹಿಕ್ಕೆಯನ್ನು ಪರೀಕ್ಷಿಸಿದರು. ತಿಂದ ಮೀನುಗಳು ಪತ್ತೆಯಾದವು. ಆದರೆ ಡಿಎನ್‌ಎಯ ಪಾಲು ಮೀನಿನ ತೂಕದ ಪಾಲಿಗೆ ಸರಿಹೊಂದಲಿಲ್ಲ. ಆ ಕೊರತೆಯನ್ನು ಅವರು 2010ರ ಪ್ರಬಂಧದಲ್ಲಿ ಮುಚ್ಚಿಡದೆ ಬರೆದರು. ಮೀನು ಎಳೆಯದೋ ಬಲಿತದ್ದೋ ಎಂಬುದನ್ನೂ ಹಿಕ್ಕೆ ತಿಳಿಸದು.

ಅಚ್ಚರಿಯೂ ಕಾದಿತ್ತು. ಫಿಲಿಪ್ ದ್ವೀಪದ ಹಿಕ್ಕೆಯಲ್ಲಿ ಸಾಲ್ಪ್ ಎಂಬ ಪಾರದರ್ಶಕ ಲೋಳೆಜೀವಿಯ ಗುರುತು ಸಿಕ್ಕಿತೆಂದು 2018ರ ಅಧ್ಯಯನವೊಂದು ತಿಳಿಸಿತು. ಇಂಥ ಜೀವಿಯನ್ನು ಹಕ್ಕಿಯೇ ತಿಂದಿತೋ, ಹಕ್ಕಿ ತಿಂದ ಮೀನು ತಿಂದಿತ್ತೋ ಎಂಬ ಸಂದೇಹ ಏಳುವುದು ನ್ಯಾಯವೇ. ಅದಕ್ಕೆ ಹಿಂದಿನ ವರ್ಷವೇ, ಪೆಂಗ್ವಿನ್‌ಗಳ ಬೆನ್ನಿಗೆ ಕಟ್ಟಿದ ಪುಟ್ಟ ಕ್ಯಾಮೆರಾಗಳ ಚಿತ್ರಗಳು ಪ್ರಕಟವಾಗಿದ್ದವು. ಅವುಗಳಲ್ಲಿ ಕಿರು ಪೆಂಗ್ವಿನ್ ತಾನಾಗಿಯೇ ಅಂಬಲಿ ಮೀನುಗಳಂಥ ಲೋಳೆಜೀವಿಗಳ ಬಳಿಸಾರಿ ಕೊಕ್ಕಿನಿಂದ ಕುಕ್ಕುತ್ತಿತ್ತು.