ಮಾಡ್ಯೂಲ್ ಒಗ್ಗಿಸುವ ಸುಖ

ಲಿನಕ್ಸ್ ಕರ್ನಲ್, ಓಡುತ್ತಿರುವಾಗಲೇ ಸೇರಿಸಬಹುದಾದ ಕೋಡಿನ ತುಂಡಾದ ಮಾಡ್ಯೂಲೊಂದನ್ನು ಒಳಗೆ ಬಿಟ್ಟುಕೊಳ್ಳಲು ಒಲ್ಲೆ ಎಂದರೆ ನನಗೆ ಹಬ್ಬ. ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಗದ್ದಲ ಏರುವುದರೊಳಗೆ ಕಾಫಿ ಮುಗಿಸಿ, ಬಾಗಿಲು ಹಾಕಿ ಕೂತುಬಿಡುತ್ತೇನೆ.

ಪರದೆ ಹೇಳುವುದು 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಎಂದಷ್ಟೇ. ನಿಜವಾದ ಕಾರಣ ಇರುವುದು ಕರ್ನಲ್ಲಿನ ದಿನಚರಿಯಾದ ಡಿಮೆಸೇಜ್‌ನಲ್ಲಿ. ಪ್ರತಿ ಮಾಡ್ಯೂಲಿನೊಳಗೂ ವರ್ಮ್ಯಾಜಿಕ್ ಎಂಬ ಸಾಲೊಂದಿದೆ: ಯಾವ ಕರ್ನಲ್ಲಿಗೆ, ಯಾವ ಆಯ್ಕೆಗಳೊಂದಿಗೆ ಕಂಪೈಲ್ ಆಯಿತೆಂಬ ಜಾತಕ. ಮಾಡ್‌ಇನ್ಫೋ ಕೊಟ್ಟರೆ ಅದು ಕಾಣುತ್ತದೆ. ಓಡುತ್ತಿರುವ ಕರ್ನಲ್ಲಿನ ಆವೃತ್ತಿಯನ್ನು ಯುನೇಮ್ ಹೇಳುತ್ತದೆ. ಬಹುಪಾಲು ತಕರಾರು ಇಲ್ಲೇ ತೀರುತ್ತದೆ. ಸರಿಯಾದ ಹೆಡರ್ಸ್ ಹಾಕಿ, ಮೇಕ್ ಕ್ಲೀನ್ ಮಾಡಿ, ಮತ್ತೆ ಕಟ್ಟಿದರಾಯಿತು.

ನನಗೆ ಹೆಚ್ಚು ಪ್ರಿಯವಾದದ್ದು ಇನ್ನೊಂದು ತಕರಾರು: ಮಾಡ್ಯೂಲ್ ಲೇಔಟ್ ಎಂಬ ಸಿಂಬಲ್ಲಿನ ವರ್ಶನ್ ಹೊಂದುತ್ತಿಲ್ಲ ಎಂಬುದು. ಮಾಡ್‌ವರ್ಶನ್ಸ್ ಆಯ್ಕೆಯಿರುವ ಕರ್ನಲ್, ಆವೃತ್ತಿ ಸಂಖ್ಯೆ ಬೇರೆಯಿದ್ದರೂ ಮನ್ನಿಸುತ್ತದೆ. ಆದರೆ ತಾನು ಹೊರಗೆ ಕೊಡುವ ಪ್ರತಿ ಫಂಕ್ಷನ್ನಿಗೂ ಒಂದು ಸಿಆರ್‌ಸಿ ಸಂಖ್ಯೆ ಇಟ್ಟುಕೊಂಡಿರುತ್ತದೆ. ಆರ್ಗ್ಯುಮೆಂಟುಗಳು, ಅವುಗಳ ಹಿಂದಿನ ಸ್ಟ್ರಕ್ಚರುಗಳು, ಅವುಗಳೊಳಗಿನ ಫೀಲ್ಡುಗಳು ಎಲ್ಲ ಸೇರಿ ಹುಟ್ಟುವ ಸಂಖ್ಯೆ ಅದು. ನಡುವೆ ಒಂದು ಫೀಲ್ಡ್ ನುಸುಳಿದರೂ ಬದಲಾಗುತ್ತದೆ. ಮಾಡ್ಯೂಲ್ ಲೇಔಟ್ ಅಂತೂ ಯಾರೂ ಕರೆಯದ ಖಾಲಿ ಫಂಕ್ಷನ್, ಈ ತಾಳೆ ನೋಡುವುದಕ್ಕೆಂದೇ ಇರುವುದು. ಎಂಥ ಮುಂದಾಲೋಚನೆ! ಇದನ್ನು ಮೀರಿ ಫೋರ್ಸ್ ಮಾಡಿ ತುರುಕುವುದನ್ನು ನಾನು ಒಪ್ಪುವುದಿಲ್ಲ. ಫೀಲ್ಡ್ ಎಂಟು ಬೈಟ್ ಸರಿದಿದ್ದರೆ ಮಾಡ್ಯೂಲ್ ತನ್ನದಲ್ಲದ ಮೆಮೊರಿಯ ಮೇಲೆ ಬರೆಯುತ್ತದೆ, ಕೆಡುವುದು ಇನ್ನೆಲ್ಲೋ.

ಕೆಲವೊಮ್ಮೆ ಕಂಪೈಲೇ ಆಗದು. ಕರ್ನಲ್ 5.6ರಲ್ಲಿ ಪ್ರಾಕ್ ಕಡತಗಳಿಗೆ ಬೇರೆಯದೇ ಸ್ಟ್ರಕ್ಚರ್ ಬಂತು, 6.4ರಲ್ಲಿ ಕ್ಲಾಸ್ ಕ್ರಿಯೇಟ್ ಎಂಬ ಫಂಕ್ಷನ್ ಒಂದು ಆರ್ಗ್ಯುಮೆಂಟ್ ಕಳಚಿಕೊಂಡಿತು. ಆಗ ಸೋರ್ಸಿಗೇ ಕೈಹಾಕಬೇಕು.

ಇದನ್ನೆಲ್ಲ ಕಲಿಯಲು ಬುಲ್ ಟೆಂಪಲ್ ರಸ್ತೆಯ ಕಡೆಯಿಂದ ಬರುವ ಇಂಜಿನಿಯರಿಂಗ್ ಹುಡುಗರಿಗೆ ನಾನು ಮೊದಲು ಕೊಡುವುದು ಕೆಪ್ರೋಬ್ಸ್. ಓಡುತ್ತಿರುವ ಕರ್ನಲ್ಲಿನ ಬಹುತೇಕ ಯಾವುದೇ ಫಂಕ್ಷನ್ನಿನ ಬಾಗಿಲಲ್ಲಿ ಕಾವಲು ಕೂರಿಸುವ ಈ ಉಪಾಯ 2004ರಲ್ಲಿ, 2.6.9ರೊಂದಿಗೆ ಲಿನಕ್ಸಿಗೆ ಸೇರಿತು. ಮೂಲ ಕಡತದ ತಲೆಯಲ್ಲಿ 2002ರ ಅಕ್ಟೋಬರ್ ಎಂಬ ತಿಂಗಳೂ ಐಬಿಎಂ ಇಂಡಿಯಾದ ವಂಶಿ ಕೃಷ್ಣ ಅವರ ಹೆಸರೂ ಇವೆ. ಅದನ್ನು ಹಲವು ವರ್ಷ ನೋಡಿಕೊಂಡವರಲ್ಲಿ ಅನಂತ ಮಾವಿನಕಾಯನಹಳ್ಳಿ ಒಬ್ಬರು. ಅಪ್ಪಟ ಕನ್ನಡದ ಆ ಹೆಸರು ಕರ್ನಲ್ ನೋಡಿಕೊಳ್ಳುವವರ ಹಳೆಯ ಪಟ್ಟಿಯಲ್ಲಿ ಕಂಡಾಗ ಹುಡುಗರ ಮುಖ ಅರಳುವುದನ್ನು ನೋಡಬೇಕು.

ಕೆಪ್ರೋಬ್ಸ್ ಕಲಿಸುವ ಹಳೆಯ ಪಾಠದ ಮಾದರಿ, ಹೊಸ ಪ್ರೊಸೆಸ್ ಹುಟ್ಟಿಸುವ ಡೂ ಫೋರ್ಕ್ ಎಂಬ ಫಂಕ್ಷನ್ ಮೇಲೆ ಕಾವಲಿಡುತ್ತದೆ. ಅದು ಕಟ್ಟುತ್ತದೆ, ವರ್ಮ್ಯಾಜಿಕ್ಕೂ ಹೊಂದುತ್ತದೆ, ಆದರೂ ರಿಜಿಸ್ಟರ್ ಆಗದೆ ಮೈನಸ್ 2, ಅಂದರೆ 'ಅಂಥದ್ದಿಲ್ಲ' ಎನ್ನುತ್ತದೆ. ನಾನು ಉತ್ತರ ಹೇಳದೆ, ಕರ್ನಲ್ಲಿನ ಸಿಂಬಲ್ಲುಗಳ ಪಟ್ಟಿಯಿರುವ ಕಾಲ್‌ಸಿಮ್ಸ್ ಕಡತ ತೋರಿಸುತ್ತೇನೆ. 5.10ರಿಂದ ಅದೇ ಕೆಲಸ ಕರ್ನಲ್ ಕ್ಲೋನ್ ಎಂಬ ಹೆಸರಿನಲ್ಲಿದೆ ಎಂಬುದನ್ನು ಅವರೇ ಹುಡುಕಿ ತೆಗೆಯುತ್ತಾರೆ.